ಟಗರುಗುಡ್ಡಕ್ಕೆ ಹೋದ ಅತ್ತಿಗೆ ನಾದಿನಿ

ಮನೆದೇವರನ್ನು ಒಂದು ಸಲ ನೆನೆದು ಈ ಕತೆ ಶುರುಮಾಡಬೇಕು. ಬಹಳ ಹಿಂದೆ, ಕೋಳಿ ಕೂಗುವುದಕ್ಕಿಂತ ಮೊದಲು ಬೀಸುವ ಕಲ್ಲು ಕೂಗುತ್ತಿದ್ದ ಕಾಲದಲ್ಲಿ, ಮುಗಿಲಕೋಟೆ ಎಂಬ ರಾಜ್ಯವಿತ್ತು. ಮಕರಕೇತು ಎಂಬ ರಾಜ ಅದನ್ನು ಆಳುತ್ತಿದ್ದ. ಮಳೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಒಂದು ಮನೆಯ ಕೆಂಡದಿಂದ ಇನ್ನೊಂದು ಮನೆಯ ಒಲೆ ಹೊತ್ತುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ.

ಆ ರಾಜ್ಯದ ಗಂಡಸರಿಗೆ ಪಂದ್ಯವೆಂದರೆ ಜೀವ. ಗುಂಡು ಎತ್ತುವವರು, ಚೀಲ ಹೊರುವವರು, ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡುವವರು. ಆದರೆ ಕುಸ್ತಿ ಮುಗಿದಮೇಲೆ ಗೆದ್ದವನು ಬಿದ್ದವನ ಬೆನ್ನಿನ ಮಣ್ಣನ್ನು ತನ್ನ ಕೈಯಿಂದಲೇ ಒರೆಸುತ್ತಿದ್ದ. ಒರೆಸುವ ಹೊತ್ತಿಗೆ ಇಬ್ಬರಿಗೂ ನಗು ಬರುತ್ತಿತ್ತು. ಅಲ್ಲಿಗೆ ಪಂದ್ಯ ಮುಗಿಯಿತು.

ಹೆಂಗಸರಲ್ಲಿ ಪಂದ್ಯವೇ ಇಲ್ಲ ಎಂದು ಗಂಡಸರು ತಿಳಿದಿದ್ದರು. ತಿಳಿದುಕೊಳ್ಳಲಿ ಬಿಡು ಎಂದು ಹೆಂಗಸರು ಸುಮ್ಮನಿದ್ದರು. ಈ ಮನೆಯ ಅಂಗಳದಲ್ಲಿ ಇವತ್ತು ಒಂದು ರಂಗೋಲಿ ಮೂಡಿದರೆ ನಾಳೆ ಎದುರು ಮನೆಯ ಅಂಗಳದಲ್ಲಿ ಅದಕ್ಕಿಂತ ಒಂದು ಸುತ್ತು ದೊಡ್ಡದು ಮೂಡುತ್ತಿತ್ತು. ಕೇಳಿದರೆ, ಏನೋ ಕೈಗೆ ಬಂದಷ್ಟು ಗೀಚಿದೆನವ್ವ ಎನ್ನುವರು. ಒಬ್ಬಳ ರೊಟ್ಟಿ ಎಲೆಯಷ್ಟು ತೆಳ್ಳಗಿದ್ದರೆ ಇನ್ನೊಬ್ಬಳದು ಹೂವಿನ ಎಸಳಿನಷ್ಟು ತೆಳ್ಳಗೆ. ಕೇಳಿದರೆ, ಇವತ್ತು ಹಿಟ್ಟೇ ಸರಿಯಿಲ್ಲ ಎನ್ನುವರು. ಗೆದ್ದೆ ಎಂದು ಬಾಯಿಬಿಟ್ಟು ಹೇಳಿದವಳು ಆ ರಾಜ್ಯದಲ್ಲಿ ಒಬ್ಬಳೂ ಇರಲಿಲ್ಲ. ಸೋತೆ ಎಂದು ಒಳಗೊಳಗೇ ಒಪ್ಪಿದವಳೂ ಇರಲಿಲ್ಲ.

ಹೀಗಿರುವಾಗ ಒಂದು ಮಾರ್ನವಮಿಗೆ ಕೊಂಬಯ್ಯನೆಂಬ ಮಾಂತ್ರಿಕ ಬಂದ. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲೊಂದು ಹಿತ್ತಾಳೆಯ ಹರಿವಾಣ. ಕುಸ್ತಿ ನೋಡಿದ. ಗೆದ್ದವನು ಬಿದ್ದವನ ಬೆನ್ನು ಒರೆಸುವುದನ್ನೂ ನೋಡಿದ. ನೋಡಿ ಪಕ್ಕಕ್ಕೆ ಉಗುಳಿದ.

ಇದೇನು ಪಂದ್ಯ ಮಹಾಪ್ರಭು, ಯಾರು ಮೇಲು ಎಂಬುದನ್ನೇ ಒರೆಸಿ ಹಾಕುತ್ತೀರಲ್ಲ ಎಂದು ರಾಜನನ್ನು ಕೇಳಿದ. ಹರಿವಾಣದ ಮೇಲೆ ಒಂದು ವೀಳ್ಯವನ್ನಿಟ್ಟು ಸಭೆಯ ನಡುವೆ ನಿಂತ. ಈ ವೀಳ್ಯ ಎತ್ತಿಕೊಂಡು, ಟಗರುಗುಡ್ಡದ ನನ್ನ ಮನೆಗೆ ಬಂದು, ತಿರುಗಿ ಹೋದವನೇ ಈ ರಾಜ್ಯಕ್ಕೆ ಮೊದಲಿಗ ಎಂದ. ಹೊನ್ನು ಕೊಡುತ್ತೇನೆ ಎನ್ನಲಿಲ್ಲ, ಊರು ಕೊಡುತ್ತೇನೆ ಎನ್ನಲಿಲ್ಲ. ಮೊದಲಿಗ ಎಂಬ ಒಂದು ಮಾತು, ಅಷ್ಟೇ. ಆ ಮಾತಿಗೇ ಕೈಗಳು ಚಾಚಿದವು. ಒಬ್ಬ ಒಂದು ವೀಳ್ಯ ಎತ್ತಿದರೆ ಹರಿವಾಣದಲ್ಲಿ ಇನ್ನೊಂದು ಹುಟ್ಟುತ್ತಿತ್ತು.

ಹೋದವರು ಬರಲಿಲ್ಲ. ಮರುವರ್ಷ ಇನ್ನಷ್ಟು ಜನ ಹೋದರು. ಹೋದವರು ಬರಲಿಲ್ಲವಲ್ಲ ಎಂದು ಹೆದರಬೇಕಾದ ಹುಡುಗರು, ಅವರಿಗೆ ಆಗದ್ದು ನನಗಾಗುತ್ತದೆ ಎಂದು ಹಿಗ್ಗಿದರು. ಮೂರನೆಯ ವರ್ಷ ರಾಜನ ಒಬ್ಬನೇ ಮಗನೂ ಹೋದ. ಗರಡಿಯ ಕೆಮ್ಮಣ್ಣಿನಲ್ಲಿ ಗರಿಕೆ ಬೆಳೆಯಿತು.

ಆ ಹರಿವಾಣ ಸಭೆಯಲ್ಲಿ ಸುತ್ತುತ್ತಿದ್ದ ರೀತಿಯೊಂದನ್ನು ಹೇಳಬೇಕು. ಎಲೆ ತೊಳೆದು, ಸುಣ್ಣ ಸವರಿ, ಮಡಿಸಿ, ಲವಂಗ ಚುಚ್ಚುವುದು ಹೆಂಗಸರ ಕೆಲಸ. ಆ ಕಾಲದ ಅರಮನೆಯ ಎಲ್ಲ ವೀಳ್ಯವೂ ಹಾಗೆಯೇ ಆಗುತ್ತಿತ್ತು. ಪಂದ್ಯದ ಹರಿವಾಣ ಮಾತ್ರ ಗಂಡಸರ ಸಾಲಿನಲ್ಲಿ ಸುತ್ತಿ, ಹೆಂಗಸರು ಕೂರುವ ಕಡೆಯ ಕಂಬದ ತನಕ ಬಂದು ಹಿಂದಿರುಗುತ್ತಿತ್ತು. ಬೇಡ ಎಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಹೇಳಿರಲಿಲ್ಲ.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಜಟ್ಟೆಪ್ಪನೆಂಬ ಹುಡುಗನಿದ್ದ. ಒಳ್ಳೆಯ ಪೈಲವಾನ. ಅವನಿಗೆ ತಂದೆಯಿರಲಿಲ್ಲ, ಇದ್ದವರು ತಾಯಿ ಮತ್ತು ಬಾಳವ್ವನೆಂಬ ತಂಗಿ. ಸೋದರಮಾವನ ಮಗಳು ನಿಂಬೆವ್ವನನ್ನು ಅವನಿಗೆ ಕೊಡುವುದೆಂದು ಮಾತಾಗಿತ್ತು. ದೀಪಾವಳಿ ಕಳೆದಮೇಲೆ ಮದುವೆಯ ಅಕ್ಕಿಕಾಳು.

ಬಾಳವ್ವ ನಿಂಬೆವ್ವ ಇಬ್ಬರೂ ಓರಗೆಯವರು. ಮದುವೆಗೆ ಮೊದಲೇ ಒಬ್ಬಳು ಅತ್ತಿಗೆ, ಒಬ್ಬಳು ನಾದಿನಿ. ಮಾತಿನಲ್ಲಿ ಬೆಲ್ಲ, ಒಳಗೆ ಹಸಿಮೆಣಸಿನಕಾಯಿ. ಕೆರೆಗೆ ಹೋದರೆ ಯಾರ ಕೊಡ ಮೊದಲು ಮನೆ ಸೇರಿತು ಎಂದು ಇಬ್ಬರಿಗೂ ಗೊತ್ತಿರುತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ನಸುಕಿನಲ್ಲಿ ಎದುರುಬದುರು ಕೂತು ಒಂದೇ ಕಲ್ಲಿನಲ್ಲಿ ಜೋಳ ಬೀಸುವಾಗ ಒಬ್ಬಳು ಒಂದು ಪದ ಹಾಡಿದರೆ ಇನ್ನೊಬ್ಬಳು ಅದರ ತಲೆಯ ಮೇಲೆ ಹೊಡೆಯುವಂಥ ಪದ ಹಾಡುವಳು. ಕೇರಿಯ ಜನ ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತ ನಗುತ್ತಿದ್ದರು.

ರಾಜನ ಮಗ ಹೋಗಿ ಕೆಲವು ವರ್ಷವಾದ ಮೇಲೆ, ಒಂದು ಮಾರ್ನವಮಿಗೆ ಜಟ್ಟೆಪ್ಪ ಸುಮ್ಮನೆ ನೋಡಲೆಂದು ಹೋದ. ವೀಳ್ಯ ಮುಟ್ಟುವುದಿಲ್ಲ ಎಂದು ತಾಯಿಯ ತಲೆಯ ಮೇಲೆ ಕೈಯಿಟ್ಟು ಹೇಳಿಯೇ ಹೋಗಿದ್ದ. ಪಕ್ಕದಲ್ಲಿ ಕೂತಿದ್ದ ಗರಡಿಯ ಗೆಳೆಯ ಕೈ ಚಾಚಿದ. ಅದನ್ನು ಕಂಡದ್ದೇ ಇವನ ಕೈ ತಾನಾಗಿ ಮುಂದೆ ಹೋಯಿತು. ಮನಸ್ಸು ಆಮೇಲೆ ಹಿಂದಿನಿಂದ ಓಡಿಬಂತು. ಅಷ್ಟರಲ್ಲಿ ವೀಳ್ಯ ಬಾಯಿಯಲ್ಲಿತ್ತು.

ಅವನು ಹೋದ ಕೆಲವು ದಿನಕ್ಕೆ ಕುರಿ ಕಾಯುವ ಮುದುಕಿಯೊಬ್ಬಳು ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಟಗರುಗುಡ್ಡದ ಕೆಳಗೆ ಒಂದು ಹಿಂಡು ಟಗರು ನೋಡಿದೆ ಎಂದಳು. ಅದರಲ್ಲೊಂದಕ್ಕೆ ಕಿವಿಯಲ್ಲಿ ಮುರುವು ಇತ್ತಂತೆ, ಜಟ್ಟೆಪ್ಪನ ಕಿವಿಯಲ್ಲಿದ್ದಂಥದ್ದೇ. ಅದು ಹುಲ್ಲು ಮುಟ್ಟದೆ, ಮುದುಕಿಯ ರೊಟ್ಟಿಯ ಗಂಟನ್ನು ಮೂಸುತ್ತ ಕಣ್ಣೀರು ಹಾಕಿತಂತೆ. ಕೊಂಬಯ್ಯ ಹಿಂಡಿಗೆ ಹೇಳುವುದನ್ನೂ ಅವಳು ಕೇಳಿಸಿಕೊಂಡಿದ್ದಳು: ಬರುವ ಅಮಾವಾಸ್ಯೆಗೆ ಎಲ್ಲರನ್ನೂ ಒಂದೇ ಕಣಕ್ಕೆ ಬಿಡುತ್ತೇನೆ, ಹಾಯ್ದಾಡಿಕೊಳ್ಳಿ, ಅದಾದಮೇಲೆ ನಿಮಗೆ ಮನುಷ್ಯರಾಗಿದ್ದ ನೆನಪೂ ಉಳಿಯುವುದಿಲ್ಲ.

ತಾಯಿ ಅಳಲಿಲ್ಲ. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಅಲ್ಲೇ ಕೂತುಬಿಟ್ಟಳು. ಬಾಳವ್ವ ಸೆರಗು ಸಿಕ್ಕಿಸಿಕೊಂಡು ಅರಮನೆಯ ದಾರಿ ಹಿಡಿದಳು. ವೀಳ್ಯ ಎತ್ತಿದವರಿಗೆ ಮಾತ್ರ ಟಗರುಗುಡ್ಡದ ಹಾದಿ ಕಾಣಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಊರ ಅಗಸೆ ದಾಟುವಾಗ ಹಿಂದೆ ಬಳೆಯ ಸದ್ದಾಯಿತು. ತಿರುಗಿದರೆ ನಿಂಬೆವ್ವ.

"ಎಲ್ಲಿಗೆ ಅತ್ತಿಗೆ?"

"ನೀನು ಹೋಗುವಲ್ಲಿಗೇ. ನಿನ್ನ ಅಣ್ಣನೆಂದರೆ ನಿನಗೊಬ್ಬಳಿಗೇ ಬರೆದುಕೊಟ್ಟಿದ್ದಾರೇನು?"

ಸಭೆಯಲ್ಲಿ ಇವರು ಬಂದ ಕಾರಣ ಕೇಳಿ ಕೆಲವರು ಮೀಸೆಯ ಮರೆಯಲ್ಲಿ ನಕ್ಕರು. ರಾಜ ನಗಲಿಲ್ಲ, ಮಗನನ್ನು ಕಳೆದುಕೊಂಡ ಮೇಲೆ ಅವನು ನಗುವುದನ್ನೇ ಬಿಟ್ಟಿದ್ದ. ಹೆಂಗಸರು ವೀಳ್ಯ ಎತ್ತುವ ಪದ್ಧತಿ ಇಲ್ಲ ಎಂದ ಮಂತ್ರಿ. ಎತ್ತಬಾರದು ಎಂಬ ಪದ್ಧತಿ ಇದೆಯೇ ಎಂದು ಬಾಳವ್ವ ಕೇಳಿದಳು. ಮಂತ್ರಿ ಯೋಚಿಸಿದ. ಅದೂ ಇರಲಿಲ್ಲ.

ಕೊಂಬಯ್ಯ ಅರಮನೆಯಲ್ಲೇ ಬಿಟ್ಟುಹೋಗಿದ್ದ ಹರಿವಾಣವನ್ನು ಮೊದಲ ಸಲ ಕಂಬ ದಾಟಿಸಿ ತಂದರು. ತಂದಾಗ ಬಾಳವ್ವನ ಕೈ ಏಳಲಿಲ್ಲ. ಹೆದರಿಕೆಯಲ್ಲ. ನಾನೇ ಆಗಬೇಕೇ, ನನಗಿಂತ ಗಟ್ಟಿಗಿತ್ತಿ ಯಾರಾದರೂ ಇರಬಹುದಲ್ಲವೇ ಎಂಬ ಹಿಂಜರಿಕೆ, ಹುಟ್ಟಿದಾಗಿನಿಂದ ಉಣ್ಣಿಸಿದ್ದು. ಅಷ್ಟರಲ್ಲಿ ಪಕ್ಕದಿಂದ ನಿಂಬೆವ್ವನ ಕೈ ಮೇಲೆದ್ದದ್ದು ಕಂಡಿತು. ಕಂಡದ್ದೇ ಬಾಳವ್ವನ ಕೈಯೂ ಹೋಯಿತು. ಅಣ್ಣನ ಕೈ ಹೋದದ್ದೂ ಹೀಗೆಯೇ. ಮೂವರೂ ಒಂದೇ ಅಜ್ಜಿಯ ಮೊಮ್ಮಕ್ಕಳು ತಾನೇ.

ಇಬ್ಬರ ಬೆರಳೂ ಒಂದೇ ವೀಳ್ಯದ ಮೇಲೆ ಬಿದ್ದವು. ಹರಿವಾಣದಲ್ಲಿ ಇನ್ನೊಂದು ಹುಟ್ಟಲಿಲ್ಲ. ಬಿಡು ಎಂದು ಇವಳೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಕೊನೆಗೆ ಎಲೆಯನ್ನು ನಡುವೆ ಸೀಳಿ, ಅರ್ಧರ್ಧ ಬಾಯಿಗೆ ಹಾಕಿಕೊಂಡು ಹೊರಟರು.

ಟಗರುಗುಡ್ಡದ ಹಾದಿ ಬೆಳ್ಳಗೆ, ಉದ್ದಕ್ಕೆ, ಒಗೆದು ಒಣಗಹಾಕಿದ ಪಂಚೆಯ ಹಾಗೆ ಬಿದ್ದಿತ್ತು. ಅದು ಮಾತನಾಡುವ ಹಾದಿ. ಅದರ ಮೇಲೆ ಕಾಲಿಟ್ಟವರ ಕಿವಿಯಲ್ಲಿ ಒಂದೇ ಮಾತು ಹೇಳುತ್ತಿತ್ತು: ಪಕ್ಕದವನು ನಿನಗಿಂತ ಒಂದು ಹೆಜ್ಜೆ ಮುಂದಿದ್ದಾನೆ. ಹುಡುಗರು ಅದನ್ನು ಕೇಳಿದ ಕೂಡಲೇ ಓಟ ಕಿತ್ತಿದ್ದರು. ಓಡಿದಷ್ಟೂ ಹಾದಿ ಬೆಳೆಯುತ್ತಿತ್ತು. ಮೇಲೆ ಮುಟ್ಟುವಾಗ ಅವರು ನಾಲ್ಕು ಕಾಲಿನ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದರು. ಅರ್ಧ ಟಗರು ಅಲ್ಲಿಯೇ ಆಗಿರುತ್ತಿದ್ದರು.

ಹಾದಿ ಇವರಿಗೂ ಹೇಳಿತು. ಬಾಳವ್ವನಿಗೆ, ನೋಡು ಅತ್ತಿಗೆ ಒಂದು ಹೆಜ್ಜೆ ಮುಂದೆ ಎಂದಿತು. ನಿಂಬೆವ್ವನಿಗೆ, ನೋಡು ನಾದಿನಿ ಒಂದು ಹೆಜ್ಜೆ ಮುಂದೆ ಎಂದಿತು. ಇಬ್ಬರಿಗೂ ಚುರುಕ್ಕೆಂದಿತು. ಆದರೆ ಓಡುವುದುಂಟೇ? ಓಡಿದರೆ ಪಂದ್ಯ ಕಟ್ಟಿದ್ದೇನೆ ಎಂದು ಒಪ್ಪಿಕೊಂಡ ಹಾಗೆ. ಬಾಳವ್ವ ಹೆಜ್ಜೆಯನ್ನು ಸ್ವಲ್ಪವೇ ಸ್ವಲ್ಪ ಚುರುಕು ಮಾಡಿ, ಚಿಕ್ಕವರಿದ್ದಾಗ ಹುಣಸೆಯ ಕೆಳಗೆ ಕುಂಟಾಟ ಆಡುತ್ತಿದ್ದೆವಲ್ಲ ನೆನಪಿದೆಯೇ ಎಂದಳು. ನಿಂಬೆವ್ವ ಇನ್ನೂ ಸ್ವಲ್ಪ ಚುರುಕಾಗಿ, ನೆನಪಿಲ್ಲದೆ ಏನು, ನೀನು ಆಗಾಗ ಎರಡೂ ಕಾಲು ಊರುತ್ತಿದ್ದೆಯಲ್ಲ ಎಂದಳು. ಊರುತ್ತಿದ್ದವಳು ನೀನು ಎಂದಳು ಬಾಳವ್ವ, ಬಹಳ ಮೆಲ್ಲಗೆ. ಹೀಗೆ ಹುಣಸೆಯ ಮರ, ಹಗ್ಗದ ಉಯ್ಯಾಲೆ, ಸತ್ತುಹೋದ ಅಜ್ಜಿ ಕೊಡುತ್ತಿದ್ದ ಎಳ್ಳುಂಡೆ, ಎಲ್ಲವನ್ನೂ ಮಾತಾಡುತ್ತ, ಮುಖದಲ್ಲಿ ಅವಸರದ ಒಂದು ಗೆರೆಯೂ ಇಲ್ಲದೆ, ತಲೆಯ ಮೇಲೆ ತುಂಬಿದ ಕೊಡವಿದ್ದವರಂತೆ ನಡೆದರು. ಕಾಲು ಮಾತ್ರ ಗಾಳಿಯಂತೆ ಹೋಗುತ್ತಿತ್ತು.

ಓಡುವವರನ್ನು ದಣಿಸಲು ಹಾದಿಗೆ ಬರುತ್ತಿತ್ತು. ನಿಲ್ಲುವವರನ್ನು ನುಂಗಲು ಬರುತ್ತಿತ್ತು. ಓಡದೆಯೇ ಪಂದ್ಯ ಕಟ್ಟುವವರನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಬೆಳೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದ ಹಾಗೆಯೇ ಮುಗಿದುಹೋಯಿತು.

ಹಾದಿಯ ಕೊನೆಗೆ ಬಂಡೆಗಲ್ಲಿನ ಬಾಗಿಲು. ಅದರ ಮುಂದೆ ಮುದಿಹುಲಿಯೊಂದು ಕಾಲು ಮಡಿಸಿ ಕೂತಿತ್ತು. ಇವರನ್ನು ಕಂಡು ಆಕಳಿಸಿ, ನಿನಗೇನು ಬರುತ್ತದೆ ಹೇಳು, ಹೇಳಿದ ಅಳತೆಗೆ ಬಾಗಿಲು ತೆರೆಯುತ್ತದೆ ಎಂದಿತು. ಹುಡುಗರೆಲ್ಲ ಬೆಟ್ಟ ಎತ್ತುತ್ತೇನೆ, ಸಿಡಿಲು ಹಿಡಿಯುತ್ತೇನೆ ಎಂದಿದ್ದರಂತೆ. ಬಾಗಿಲು ಬೆಟ್ಟದಗಲ ತೆರೆಯುತ್ತಿತ್ತು. ಒಳಗೆ ಕಾಲಿಟ್ಟ ಮೇಲೆ ಆಡಿದ ಮಾತೆಲ್ಲ ಭಾರವಾಗಿ ತಲೆಯ ಮೇಲೆ ಕೂರುತ್ತಿತ್ತು. ಹಣೆಯಲ್ಲಿ ಕೊಂಬಿನ ಮೊಳಕೆ ಒಡೆಯುತ್ತಿದ್ದದ್ದು ಅಲ್ಲಿಂದಲೇ.

ಬಾಳವ್ವ ಸೆರಗು ಹೊದ್ದುಕೊಂಡು, ನನಗೇನು ಬರುತ್ತದೆ ಅಜ್ಜ, ಹೆಣ್ಣುಮಗಳು, ಏನೋ ಒಂದಿಷ್ಟು ಬೀಸುತ್ತೇನೆ ಎಂದಳು. ಬಾಗಿಲು ಇಲಿ ತೂರುವಷ್ಟು ತೆರೆಯಿತು. ನಿಂಬೆವ್ವ ಹಿಂದುಳಿಯುವಳೇ, ನನಗೆ ಅಷ್ಟೂ ಬರುವುದಿಲ್ಲ, ಅವಳೇ ಮೇಲು ಎಂದಳು. ಬಾಗಿಲು ಇರುವೆಯ ತೂತಾಯಿತು. ಅಯ್ಯೋ ನನಗಿಂತ ಅತ್ತಿಗೆಯೇ ಮೇಲು ಎಂದು ಬಾಳವ್ವ ಬಾಯಿ ತೆರೆಯುವುದರಲ್ಲಿದ್ದಳು. ಹುಲಿ ಪಂಜ ಎತ್ತಿ ತಡೆಯಿತು.

"ಹೆಚ್ಚು ಹೇಳಿ ಕೆಟ್ಟವರನ್ನು ಇಷ್ಟು ವರ್ಷ ನೋಡಿದೆ. ಕಡಿಮೆ ಹೇಳಿ ಕೆಡುವವರನ್ನು ಇವತ್ತೇ ನೋಡಿದ್ದು. ಇನ್ನೊಂದು ಸುಳ್ಳಾಡಿದರೆ ಬಾಗಿಲು ಮುಚ್ಚಿಯೇ ಹೋಗುತ್ತದೆ ಮಕ್ಕಳಾ. ಆಮೇಲೆ ನನ್ನನ್ನು ಬಯ್ಯಬೇಡಿ."

ತನಗೆ ಬರುವುದನ್ನು ಬರುವಷ್ಟೇ ಹೇಳಬೇಕು, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಆದರೆ ಆ ಮಾತು ನಾಲಿಗೆಗೆ ಬರುತ್ತಿಲ್ಲ. ಎಂದೂ ಆಡಿದ್ದಿಲ್ಲವಲ್ಲ. ಹೊತ್ತು ಇಳಿಯುತ್ತಿತ್ತು. ಒಳಗಿನಿಂದ ಟಗರುಗಳ ಕೂಗು ಕೇಳುತ್ತಿತ್ತು.

ಆಗ ನಿಂಬೆವ್ವ ನೆಲ ನೋಡುತ್ತ ಹೇಳಿದಳು. ನನ್ನದು ನನಗೆ ತಿಳಿಯದು, ಇವಳದು ಹೇಳುತ್ತೇನೆ ಅಜ್ಜ. ಇವಳು ಬೀಸಿದ ಹಿಟ್ಟನ್ನು ತೊಟ್ಟಿಲ ಕೂಸಿಗೂ ಅಂಬಲಿ ಮಾಡಬಹುದು, ಅಷ್ಟು ನುಣುಪು. ಅಂಥ ಹಿಟ್ಟು ನನ್ನ ಕೈಯಲ್ಲಿ ಎಂದೂ ಇಳಿದಿಲ್ಲ. ಇವಳು ಮನೆಗೆ ಹೋದಮೇಲೆ ಕಲ್ಲಿನ ಸುತ್ತ ಉಳಿದ ಹಿಟ್ಟನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದ್ದೇನೆ. ಹೊಟ್ಟೆ ಉರಿದುಕೊಂಡಿದ್ದೇನೆ.

ಬಾಳವ್ವ ಅತ್ತಿಗೆಯ ಮುಖ ನೋಡಿದಳು. ಇಷ್ಟು ವರ್ಷ ಎದುರು ಕೂತವಳು ಇದನ್ನು ಬಚ್ಚಿಟ್ಟುಕೊಂಡಿದ್ದಳೇ ಎನ್ನಿಸಿತು. ಆಮೇಲೆ ತಾನೂ ಹೇಳಿದಳು. ಇವಳ ತೋಳು ದಣಿಯುವುದಿಲ್ಲ ಅಜ್ಜ. ಜಾತ್ರೆಯಷ್ಟು ಜನ ಮನೆಗೆ ಬಂದ ದಿನ ನಾನು ಕೈ ಸೋತು ಬಿಟ್ಟ ಕಲ್ಲಿನ ಗೂಟವನ್ನು ಒಬ್ಬಳೇ ತಿರುಗಿಸಿದ್ದಾಳೆ. ನಾನೂ ಹಾಗೆ ಆಗಬೇಕೆಂದು ಯಾರೂ ಇಲ್ಲದಾಗ ಬರಿಗಲ್ಲು ತಿರುಗಿಸಿ ತಿರುಗಿಸಿ ಅತ್ತಿದ್ದೇನೆ.

ಗೆಳತಿಗೆ ಗೆಳತಿಯ ಗುಣ ಗೊತ್ತು ಎನ್ನುತ್ತಾರೆ. ಆದರೆ ಸಣ್ಣಂದಿನಿಂದ ಪಂದ್ಯ ಕಟ್ಟಿದವಳಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಕಣ್ಣಿಟ್ಟು ಅಳೆದಿರುತ್ತಾಳಲ್ಲ.

"ಒಬ್ಬಳ ಬಗ್ಗೆ ಇನ್ನೊಬ್ಬಳು ಹೇಳಿದ್ದು ನಿಜವೋ? ನಿಮ್ಮ ನಿಮ್ಮ ಬಾಯಿಂದಲೇ ಹೇಳಿ" ಎಂದಿತು ಹುಲಿ.

ಗುಡ್ಡ ಹತ್ತುವುದಕ್ಕಿಂತ ಅದು ಕಷ್ಟವಾಯಿತು. "ಹೌದು, ನನ್ನ ಹಿಟ್ಟು ನುಣುಪು" ಎಂದಳು ಬಾಳವ್ವ. "ಹೌದು, ನನ್ನ ತೋಳು ಗಟ್ಟಿ" ಎಂದಳು ನಿಂಬೆವ್ವ. ಬಾಗಿಲು ಇಬ್ಬರು ಹೆಣ್ಣುಮಕ್ಕಳು ತಲೆ ಬಾಗಿಸದೆ ಹೋಗುವಷ್ಟೇ ತೆರೆಯಿತು. ಒಂದು ಗೇಣು ಹೆಚ್ಚಿಲ್ಲ. ಇಬ್ಬರೂ ಹುಲಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ಒಳಗೆ ಕೊಂಬಯ್ಯನ ಅಂಗಳ. ಒಂದು ಕಡೆ ನೀರಿನ ಹೊಂಡ, ಒಂದು ಕಡೆ ಬೇಲಿ. ಬೇಲಿಯೊಳಗೆ ಟಗರುಗಳು ಒಂದರ ತಲೆಗೊಂದು ಹಾಯುತ್ತ, ಹಿಂದೆ ಸರಿಯುತ್ತ, ಮತ್ತೆ ಹಾಯುತ್ತ ಇದ್ದವು. ಎಷ್ಟೋ ಟಗರುಗಳ ಹಣೆಯಲ್ಲಿ ರಕ್ತ. ಕಿವಿಯಲ್ಲಿ ಮುರುವಿದ್ದ ಟಗರು ಇವರನ್ನು ಕಂಡು ಬೇಲಿಯ ಹತ್ತಿರ ಬಂದಿತು. ಬಾಯಿ ತೆರೆಯಿತು. ಬ್ಯಾ ಎಂದಿತು, ಅಷ್ಟೇ. ನಾಚಿ ಮುಖ ತಿರುಗಿಸಿತು.

ಈ ಕೊಂಬಯ್ಯನ ಆಯುಷ್ಯ ಒಂದು ಮಾತಿನಲ್ಲಿತ್ತು. ಅವನ ಅಂಗಳದಲ್ಲಿ ಯಾರಾದರೂ "ನಾನೇ ಮೊದಲು" ಎಂದರೆ ಅವನಿಗೆ ಒಂದು ವರ್ಷದ ಆಯುಷ್ಯ ಹೆಚ್ಚುತ್ತಿತ್ತು, ಅಂದವನ ತಲೆಯಲ್ಲಿ ಕೊಂಬು ಪೂರ್ತಿ ಬೆಳೆಯುತ್ತಿತ್ತು. ಹುಡುಗರು ಒಳಗೆ ಬಿದ್ದ ಕೂಡಲೇ ಒಬ್ಬ ಅದನ್ನು ಕೂಗುತ್ತಿದ್ದ. ಹಿಂದಿನವನು ತಡೆಯಲಾರದೆ, ಅಲ್ಲ ನಾನೇ ಮೊದಲು ಎನ್ನುತ್ತಿದ್ದ. ಕೊಂಬಯ್ಯನಿಗೆ ಅದೇ ಊಟ.

ಹೆಂಗಸರನ್ನು ಕಂಡು ಅವನು ನಕ್ಕ. ಬನ್ನಿರವ್ವ, ಗಂಡಸರಿಗೆ ಕಾಳಗ, ನಿಮಗೆ ಬೀಸುವ ಕಲ್ಲು ಎಂದ. ಎರಡು ಕಲ್ಲು ತರಿಸಿದ. ಎರಡರ ಮಗ್ಗುಲಿಗೂ ಜೋಳದ ರಾಶಿ ಸುರಿದ. ಒಂದು ರಾಶಿಗೂ ಇನ್ನೊಂದಕ್ಕೂ ಒಂದು ಕಾಳಿನ ವ್ಯತ್ಯಾಸವಿಲ್ಲ. ಮೊದಲು ಮುಗಿಸಿದವಳು ಮುರುವಿನ ಟಗರನ್ನು ಮನುಷ್ಯನಾಗಿಸಿಕೊಂಡು ಕರೆದೊಯ್ಯಬಹುದು ಎಂದ. ಹಿಂದುಳಿದವಳು ಇಲ್ಲೇ ಇದ್ದು ಅವನ ಹಿಂಡು ಕಾಯಬೇಕು. ಬೇಕೆಂದು ಕೈ ಸಡಿಲಿಸಿದರೆ ಕಲ್ಲಿಗೆ ತಿಳಿಯುತ್ತದೆ. ಸಡಿಲಿಸಿದವಳು ಆ ಗಳಿಗೆಯೇ ಕುರಿಯಾಗುತ್ತಾಳೆ.

ಅಣ್ಣ ಉಳಿಯಬೇಕಾದರೆ ಅತ್ತಿಗೆಯನ್ನು ಬಿಟ್ಟು ಹೋಗಬೇಕು. ಗಂಡನಾಗುವವನು ಉಳಿಯಬೇಕಾದರೆ ನಾದಿನಿಯನ್ನು ಬಿಟ್ಟು ಹೋಗಬೇಕು. ಬಿಟ್ಟುಕೊಡೋಣವೆಂದರೆ ಕಲ್ಲು ಬಿಡುವುದಿಲ್ಲ.

"ಅತ್ತಿಗೆ, ಬೀಸು. ಇಬ್ಬರಲ್ಲಿ ಒಬ್ಬಳಾದರೂ ಅವನನ್ನು ಕರೆದುಕೊಂಡು ಹೋಗಲಿ" ಎಂದಳು ಬಾಳವ್ವ.

"ನಾನು ಬಿಟ್ಟುಕೊಡುವವಳಲ್ಲ ನೋಡು."

"ಯಾವತ್ತು ಬಿಟ್ಟುಕೊಟ್ಟಿದ್ದೀಯ?"

ಇಬ್ಬರೂ ಕಲ್ಲಿಗೆ ಕೈಮುಗಿದು, ಶಿವನೆಂದು ಗೂಟ ಹಿಡಿದರು. ಅಂಥ ಬೀಸುವಿಕೆಯನ್ನು ಆ ಗುಡ್ಡ ಕಂಡಿರಲಿಲ್ಲ. ಕಲ್ಲಿನ ಸುತ್ತ ಹಿಟ್ಟು ಮಂಜಿನಂತೆ ಏಳತೊಡಗಿತು. ಬಳೆ ಮೇಲೇರಿದವು. ಮೊದಲು ಮೌನವಾಗಿಯೇ ಬೀಸಿದರು. ಆಮೇಲೆ ನಿಂಬೆವ್ವನಿಗೆ ತಡೆಯಲಾಗಲಿಲ್ಲ, ಪದ ಎತ್ತಿದಳು:

ಬೀಸುವೆನು ನಾನೆಂದು ಬೀಗ್ಯಾಳ ನಾದೀನಿ
ರಾಸಿಯು ಹಂಗ ಉಳದಾದ | ನನಕಲ್ಲು
ಹಾಸ್ಯಾದ ಹಿಟ್ಟ ಮಳಿಹಾಂಗ

ಬಾಳವ್ವ ಉಸಿರೆಳೆದುಕೊಂಡು ತಿರುಗಿಸಿ ಕೊಟ್ಟಳು:

ಹಿಟ್ಟು ಹಾಸಿದರೇನ ಹಿರಿಯಾಕಿ ಅತಿಗೆವ್ವ
ಮುಟ್ಟಿ ನೋಡಿದರ ಬರಿನುಚ್ಚ | ನನಹಿಟ್ಟು
ತೊಟ್ಟೀಲ ಕೂಸು ಉಣತಾದ

ಬೇಲಿಯೊಳಗೆ ಟಗರುಗಳು ಹಾಯುವುದನ್ನು ಬಿಟ್ಟು ಕಿವಿ ನಿಮಿರಿಸಿದವು. ಅವರವರ ಊರಿನ ನಸುಕು ಅವರವರಿಗೆ ನೆನಪಾಯಿತು. ಒಲೆಯ ಹೊಗೆ, ತಾಯಿಯ ದನಿ, ಕಂಬಳಿಯೊಳಗಿನ ಬಿಸಿ, ಗೋಡೆಯಾಚೆಯ ಕಲ್ಲಿನ ಗುರುಗುರು. ಯಾವ ಟಗರೂ ಕದಲಲಿಲ್ಲ.

ಒಂದೊಂದು ಹಿಡಿ ಜೋಳವೂ ಕಲ್ಲಿನ ಬಾಯಿಗೆ ಬೀಳುತ್ತ ಬೀಳುತ್ತ ಎರಡು ರಾಶಿಯೂ ಕರಗಿದವು. ಕೊನೆಗೆ ನಿಂಬೆವ್ವನ ಮೊರ ಬರಿದಾಯಿತು. ಬಾಳವ್ವನ ಮೊರದಲ್ಲಿ ಇನ್ನೂ ಒಂದು ಹಿಡಿ ಉಳಿದಿತ್ತು. ನಿಂಬೆವ್ವ ನ್ಯಾಯವಾಗಿಯೇ ಗೆದ್ದಿದ್ದಳು. ಬಾಳವ್ವನ ಕಣ್ಣಲ್ಲಿ ನೀರು ಬಂತು, ಆದರೂ ಕೈ ನಿಲ್ಲಿಸಲಿಲ್ಲ.

ಆ ರಾಜ್ಯದ ಹೆಣ್ಣುಮಕ್ಕಳಲ್ಲಿ ಒಂದು ರೂಢಿಯಿತ್ತು. ಜೊತೆಯಲ್ಲಿ ಬೀಸಲು ಕೂತಮೇಲೆ ಒಬ್ಬಳೇ ಏಳಬಾರದು. ತನ್ನದು ಮುಗಿದರೆ ಮಗ್ಗುಲವಳ ಗೂಟಕ್ಕೆ ಕೈ ಕೊಡಬೇಕು. ಕಾಳು ಉಳಿಸಿ ಎದ್ದರೆ ಅನ್ನದೇವರಿಗೆ ಸಿಟ್ಟು. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ, ನೋಡಿ ನೋಡಿ ಬಂದದ್ದು. ನಿಂಬೆವ್ವ ಏನೂ ಯೋಚಿಸಲಿಲ್ಲ. ಬೆವರು ಒರೆಸಿಕೊಂಡಳು, ಕೂತಲ್ಲಿಂದಲೇ ಸರಿದು ನಾದಿನಿಯ ಎದುರಿಗೆ ಬಂದಳು, ಗೂಟದ ಮೇಲೆ ಅವಳ ಕೈಯ ಮೇಲೆ ಕೈಯಿಟ್ಟಳು. ಇಬ್ಬರೂ ಸೇರಿ ತಿರುಗಿಸತೊಡಗಿದರು.

ಕೊಂಬಯ್ಯ ಬಾಯಿ ಚಪ್ಪರಿಸುತ್ತ ಕಾಯುತ್ತಿದ್ದ. ಅವಳು ಎದ್ದು ನಿಂತು ಆ ಮಾತು ಆಡಬೇಕು. ಅವಳು ಏಳಲಿಲ್ಲ. ನೀನು ಗೆದ್ದೆ, ಎದ್ದು ಕೂಗು ಎಂದ. ಕಾಳು ಉಳಿದಿದೆ ಎಂದಳು ನಿಂಬೆವ್ವ. ಅದು ಅವಳ ಕಾಳು ಎಂದ. ಹೌದು, ಬೀಸುತ್ತಿದ್ದೇವೆ ಎಂದಳು. ಅವನಿಗೆ ಹಸಿವಾಗತೊಡಗಿತು. ಮುಖ ಇಳಿಯಿತು, ಮೈಮೇಲಿನ ಕಂಬಳಿ ದೊಡ್ಡದಾಯಿತು. ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಹೆಂಗಸರಿಗೆ ಗೆಲ್ಲುವ ರುಚಿಯೇ ಗೊತ್ತಿಲ್ಲ ಎಂದು ಹಂಗಿಸಿದ.

ನಿಂಬೆವ್ವ ತಲೆ ಎತ್ತದೆ ಹೇಳಿದಳು: "ರುಚಿ ಚೆನ್ನಾಗಿ ಗೊತ್ತಪ್ಪ. ಅದನ್ನು ಉಂಡವರು ನಾವು. ನೀನು ಯಾರನ್ನು ಗೆದ್ದಿದ್ದೀಯ? ಕಟ್ಟೆಯ ಮೇಲೆ ಕೂತು ಬೇರೆಯವರ ಪಂದ್ಯ ನೋಡಿದ್ದೀಯ, ಅಷ್ಟೇ."

ಬೇಲಿಯ ಕಡೆಯಿಂದ ನಕ್ಕಂಥ ಸದ್ದು ಬಂತು. ಕೊಂಬಯ್ಯನ ಕಣ್ಣು ಕೆಂಪಾದವು. ಇಷ್ಟು ವರ್ಷ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಎದೆ ಗುದ್ದಿಕೊಂಡು, ಈ ಗುಡ್ಡದಲ್ಲಿ ನನ್ನ ಮುಂದೆ ಯಾರಿದ್ದಾರೆ, ನಾನೇ ಮೊದಲು ಎಂದ.

ಅಂದದ್ದೇ ಅವನ ಹಣೆ ಬಿರಿದು ಎರಡು ಕೊಂಬು ಸುರುಳಿ ಸುತ್ತಿ ಹೊರಬಂದವು. ಕಂಬಳಿ ಮೈಗೆ ಅಂಟಿ ಉಣ್ಣೆಯಾಯಿತು. ನಾಲ್ಕು ಕಾಲಿನ ಮೇಲೆ ಬಿದ್ದ ಆ ಕರಿಯ ಟಗರು ಹೊಂಡದ ನೀರಿನಲ್ಲಿ ಇನ್ನೊಂದು ಕರಿಯ ಟಗರನ್ನು ಕಂಡಿತು. ಇದಾವುದು ನನ್ನೆದುರು ನಿಂತದ್ದು ಎಂದು ಹಿಂದೆ ಸರಿದು, ತಲೆ ತಗ್ಗಿಸಿ, ತನ್ನ ನೆರಳಿಗೇ ಹಾಯಿತು. ನೀರು ಒಮ್ಮೆ ಬಾಯಿ ತೆರೆದು ಮುಚ್ಚಿಕೊಂಡಿತು.

ಅತ್ತ ಬೇಲಿಯೊಳಗೆ ಕೊಂಬುಗಳು ಮಾಗಿದ ಕಾಯಿಯಂತೆ ಕಳಚಿ ಬಿದ್ದವು. ಉಣ್ಣೆ ಉದುರಿತು. ರಾಜನ ಮಗ ಎದ್ದ, ಗರಡಿಯ ಗೆಳೆಯ ಎದ್ದ, ಯಾವ ಯಾವ ಊರಿನ ಹುಡುಗರೋ ಎದ್ದರು. ಒಬ್ಬರ ಹಣೆಯ ಗಾಯವನ್ನು ಒಬ್ಬರು ನೋಡಿ ತಲೆ ತಗ್ಗಿಸಿದರು. ಆಮೇಲೆ ಯಾರೋ ಒಬ್ಬ ಪಕ್ಕದವನ ಹಣೆಯ ರಕ್ತವನ್ನು ಅಂಗೈಯಿಂದ ಒರೆಸಿದ.

ಜಟ್ಟೆಪ್ಪ ಹಿಟ್ಟು ಮೆತ್ತಿದ ಇಬ್ಬರು ಹೆಂಗಸರ ಮುಂದೆ ಬಂದು ನಿಂತ. ಕಲ್ಲು ಇನ್ನೂ ತಿರುಗುತ್ತಿತ್ತು, ಕೊನೆಯ ನಾಲ್ಕು ಕಾಳಿದ್ದವು. ಅವು ಮುಗಿಯುವ ತನಕ ಅವನು ಕಾದ. ಇಬ್ಬರೂ ಒಟ್ಟಿಗೆ ಎದ್ದರು. ಹಳೆಯ ಚಾಳಿ, ಅವನ ನಾಲಿಗೆ ಸುಮ್ಮನಿರಲಿಲ್ಲ: ನಿಮ್ಮಿಬ್ಬರಲ್ಲಿ ಗೆದ್ದವರು ಯಾರು ಎಂದು ಕೇಳಿದ.

"ಅತ್ತಿಗೆ ಗೆದ್ದಳು" ಎಂದಳು ಬಾಳವ್ವ.

"ಹೌದು" ಎಂದಳು ನಿಂಬೆವ್ವ. ಆಮೇಲೆ, ಹಿಟ್ಟು ಮಾತ್ರ ಅವಳದೇ ನುಣುಪು ಎಂದು ಸೇರಿಸಿದಳು. ಸೇರಿಸುವಾಗ ಅವಳಿಗೆ ಹೊಟ್ಟೆ ಉರಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ; ಸ್ವಲ್ಪ ಉರಿಯಿತು.

ಎಲ್ಲರೂ ಗುಡ್ಡ ಇಳಿದು ಅವರವರ ಮನೆ ಸೇರಿದರು. ಮಕರಕೇತು ಮಗನನ್ನು ತಬ್ಬಿಕೊಂಡು ಬಹಳ ವರ್ಷದ ಮೇಲೆ ನಕ್ಕ. ದೀಪಾವಳಿ ಕಳೆದು ಅಕ್ಕಿಕಾಳು ಬಿದ್ದವು. ಬಾಳವ್ವನಿಗೂ ದೇವರು ಒಳ್ಳೆಯ ಮನೆ ಕೊಟ್ಟ.

ಗುಡ್ಡದಿಂದ ಬಂದ ಗಂಡಸರಿಗೆ ಒಂದು ಮಾತ್ರ ಉಳಿದುಹೋಯಿತು. ದಾರಿಯಲ್ಲಿ ಯಾರಾದರೂ ದಾಟಿ ಮುಂದೆ ಹೋದರೆ, ಪಕ್ಕದ ಹೊಲದ ಪೈರು ತಮ್ಮದಕ್ಕಿಂತ ಎತ್ತರ ಕಂಡರೆ, ಕೊಂಬಿದ್ದ ಜಾಗದಲ್ಲಿ ಹಣೆ ನವೆಯಾಗುತ್ತಿತ್ತು. ಜಟ್ಟೆಪ್ಪನಿಗೂ ಆಗುತ್ತಿತ್ತು. ಆಗೆಲ್ಲ ಅವನು ಹಣೆ ಕೆರೆದುಕೊಂಡು, ಹೊಲದಿಂದ ಮನೆಗೆ ಬಂದು, ಒಲೆಯ ಮುಂದಿದ್ದ ಹೆಂಡತಿಯ ಹತ್ತಿರ ತಲೆ ಬಗ್ಗಿಸಿ ಕೂರುತ್ತಿದ್ದ. ಇವತ್ತು ಯಾರು ಮುಂದೆ ಹೋದರು ಎಂದು ನಿಂಬೆವ್ವ ಕೇಳುವಳು. ಅವನು ಹೆಸರು ಹೇಳುವನು. ಅವಳು 'ಹೋಗಲಿ ಬಿಡು' ಎಂದು ಎರಡು ಬೆರಳಲ್ಲಿ ಕೊಬ್ಬರಿ ಎಣ್ಣೆ ತೆಗೆದು ಹಣೆಗೆ ತೀಡುವಳು. ನವೆ ಇಳಿಯುತ್ತಿತ್ತು. ಹೀಗೆ ಎಣ್ಣೆ ತೀಡಿಸಿಕೊಳ್ಳುತ್ತ ಅವನು ಮುದುಕನಾದ, ತೀಡುತ್ತ ಅವಳು ಮುದುಕಿಯಾದಳು. ಆ ರಾಜ್ಯದ ಮನೆಮನೆಯಲ್ಲೂ ಜನ ಉಂಡು ಉಟ್ಟು ತಂಪಾಗಿ ಬಾಳಿದರು.